ಇಟಾಲಿಯನ್ ಕ್ರಿಯಾಪದಗಳ ಕೋಷ್ಟಕ ತಲೆಗೆ ಹತ್ತುತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ಸಾಧನಕೇರಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಈಗ ಟೂರಿನ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಓದುತ್ತಿದ್ದೇನೆ. ಕ್ಲಾಸು ಇಂಗ್ಲಿಷಿನಲ್ಲೇ ನಡೆಯುವುದರಿಂದ ಇಷ್ಟು ದಿನ ತರಕಾರಿ ಅಂಗಡಿಗೆ ಸಾಲುವಷ್ಟು ಇಟಾಲಿಯನ್ ಇದ್ದರೆ ನಡೀತಿತ್ತು. ಈಗ ಇಂಟರ್ನ್‌ಶಿಪ್ ಶುರುವಾಗಿದೆ. ಅಲ್ಲಿ ಮೀಟಿಂಗು, ಮೇಲು, ಜಗಳ ಎಲ್ಲವೂ ಇಟಾಲಿಯನ್ನೇ. ಜೊತೆಗೆ ಬಿ2 (ಮಧ್ಯಮಕ್ಕಿಂತ ಮೇಲಿನ ಮಟ್ಟ) ಭಾಷಾ ಪರೀಕ್ಷೆಗೂ ಹಣ ಕಟ್ಟಿದ್ದೇನೆ.

ಉಳಿದದ್ದೆಲ್ಲ ಹೇಗೋ ಆಗುತ್ತದೆ. ಕ್ರಿಯಾಪದ ಮಾತ್ರ ಆಗುತ್ತಿಲ್ಲ. ಪುಸ್ತಕದ ಹಿಂದೆ ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಪುಟ ಕೊಟ್ಟಿದ್ದಾರೆ. 7 ಮೂಡ್‌ಗಳು. ಅಂದರೆ ಮಾತಿನ ಧಾಟಿಗಳು. ಅದರಲ್ಲಿ ಇಂದಿಕತೀವೊ (ಇದ್ದದ್ದನ್ನು ನೇರವಾಗಿ ಹೇಳುವುದು) ಒಂದರಲ್ಲೇ 8 ಕಾಲ, ಕೊಂಜುಂತೀವೊದಲ್ಲಿ (ಸಂಶಯ, ಆಸೆ ಹೇಳುವುದು) 4. ನಿಯಮದಂತೆ ನಡೆಯುವ ಕ್ರಿಯಾಪದ ಪರವಾಗಿಲ್ಲ. ಆದರೆ ದಿನಾ ಬೇಕಾಗುವ 'ಅಂದಾರೆ' (ಹೋಗು), 'ಫಾರೆ' (ಮಾಡು), 'ದೀರೆ' (ಹೇಳು), 'ವೆನೀರೆ' (ಬಾ) ಇವೇ ಹೇಳಿದ ಮಾತು ಕೇಳುವುದಿಲ್ಲ. 'ಅಂದಾರೆ' ಅಂತ ಇರುವುದು 'ನಾನು ಹೋಗುತ್ತೇನೆ' ಅನ್ನುವಾಗ 'ವಾದೊ' ಆಗುತ್ತದೆ, 'ನಾವು' ಅಂದ ಕೂಡಲೇ ಮತ್ತೆ 'ಅಂದ್ಯಾಮೊ'. ಇದಕ್ಕೇನು ಲೆಕ್ಕ?

ಕೇಳಬೇಕಾದದ್ದು ಎರಡು. ಕೋಷ್ಟಕವನ್ನು ಯಾವ ಕ್ರಮದಲ್ಲಿ ಕಲಿತರೆ ನೆನಪಿನಲ್ಲಿ ಉಳಿಯುತ್ತದೆ? ಪಸ್ಸಾತೊ ರೆಮೋತೊ ಅನ್ನುವ ಆ ಹಳೆಯ ಭೂತಕಾಲವನ್ನು ಕಲಿಯಲೇಬೇಕಾ, ಬಿಟ್ಟರೂ ನಡೆಯುತ್ತದಾ? 'ಆ್ಯಪ್ ಹಾಕಿಕೊಳ್ಳಿ' ಅನ್ನುವ ಸಲಹೆ ಬೇಡ, ಅದು ಈಗಾಗಲೇ ಫೋನಿನಲ್ಲಿದೆ.

ಪುತ್ತೂರು ಮಾಷ್ಟ್ರು:

ನಾನು ಪುತ್ತೂರಿನ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಮಗಳ ಸಂಸಾರ ಫ್ಲಾರೆನ್ಸ್‌ನಲ್ಲಿ. ಮೊಮ್ಮಗನನ್ನು ಶಾಲೆಗೆ ಬಿಡುವುದು, ಕರೆತರುವುದು ನನ್ನ ಕೆಲಸ. ಅವನ ಪುಸ್ತಕ ಹಿಡಿದೇ ನಾನೂ ಇಟಾಲಿಯನ್ ಕಲಿತೆ. ವ್ಯಾಕರಣದ ಹುಚ್ಚು ಮೊದಲಿನಿಂದಲೂ ಇದ್ದದ್ದೇ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ಮಾರಾಯ್ರೇ, ಕನ್ನಡದ 'ಬಾ' ನೋಡಿ. ಬಂದೆ, ಬಂದು, ಬಂದರೆ, ಬಂದರೂ, ಬಂದಿದ್ದೇನೆ. ಬರುತ್ತೇನೆ, ಬರಲಿ, ಬರಬೇಕು, ಬರುವ. ಇಷ್ಟನ್ನೂ ಯಾರಾದರೂ ನಿಮಗೆ ಬಾಯಿಪಾಠ ಮಾಡಿಸಿದರಾ? ಇಲ್ಲ. 'ಬಂದ್' ಅನ್ನುವುದು ಒಂದು ಬುಡ, 'ಬರ್' ಅನ್ನುವುದು ಇನ್ನೊಂದು. ಬುಡ ಗೊತ್ತಾದರೆ ಬಾಲ ತಾನಾಗಿ ಬರುತ್ತದೆ. ಕೀಳು ಹೋಗಿ 'ಕಿತ್ತ' ಆಗುವುದು, ಸಾಯು ಹೋಗಿ 'ಸತ್ತ' ಆಗುವುದು ಹೊರಗಿನವರಿಗೆ ದೊಡ್ಡ ಕಷ್ಟ. ಆದರೆ 'ಸತ್ತ' ಗೊತ್ತಾದ ಮೇಲೆ 'ಸತ್ತರೆ', 'ಸತ್ತಿದ್ದ' ಅನ್ನಲು ಕಷ್ಟವೇನಿಲ್ಲ.

ಇಟಾಲಿಯನ್ನಿನಲ್ಲೂ ಹೀಗೇ. ಕೋಷ್ಟಕದ ಮನೆ ಮನೆಯಲ್ಲೂ ತಂಟೆ ಇದೆ ಅಂತ ಕಾಣುತ್ತದೆ, ನಿಜವಾಗಿ ತಂಟೆ ಇರುವುದು ಬುಡಗಳಲ್ಲಿ ಮಾತ್ರ. ಲ್ಯಾಟಿನ್ ಕಲಿಸುವವರು ಒಂದು ಕ್ರಿಯಾಪದಕ್ಕೆ 4 ರೂಪ ಹೇಳಿಕೊಟ್ಟು ಉಳಿದದ್ದನ್ನು ಅದರಿಂದ ಕಟ್ಟಿಸುತ್ತಾರೆ. ಇಲ್ಲಿ 5 ಇಟ್ಟುಕೊಳ್ಳಿ. ನೀವು ಎಂಜಿನಿಯರ್ ಅಲ್ವಾ, ಆಫೀಸಿನಲ್ಲಿ ಕಿವಿಗೆ ಬೀಳುವುದನ್ನೇ ತೆಗೆದುಕೊಳ್ಳೋಣ. 'ಪ್ರೊಪೊರ್ರೆ', ಅಂದರೆ ಮುಂದಿಡುವುದು, ಸೂಚಿಸುವುದು:

ಪ್ರೊಪೊಂಗೊ, ಪ್ರೊಪೊನೇವೊ, ಪ್ರೊಪೊರ್ರೋ, ಪ್ರೊಪೋಸಿ, ಪ್ರೊಪೊಸ್ತೊ.

ಮೊದಲ ನಾಲ್ಕು 'ನಾನು' ರೂಪಗಳು, ಕೊನೆಯದು ಮಾತ್ರ ಕೃದಂತ ('ಮಾಡಿದ' ಅನ್ನುವಂಥ ರೂಪ). ನೋಟ್‌ಬುಕ್ಕಿನಲ್ಲಿ ಒಂದು ಕ್ರಿಯಾಪದಕ್ಕೆ ಒಂದೇ ಸಾಲು. ಪುಟ ಬೇಡ.

ಮೊದಲನೆಯ 'ಪ್ರೊಪೊಂಗೊ' ವರ್ತಮಾನ. ಕೊನೆಯ 'ಒ' ತೆಗೆದು 'ಅ' ಹಾಕಿ. 'ಪ್ರೊಪೊಂಗ' ಬಂತು. ಇದೇ ಕೊಂಜುಂತೀವೊ ಪ್ರೆಸೆಂತೆ. ಸಂಶಯ, ಆಸೆ, ಅಭಿಪ್ರಾಯ, ಊಹೆ ಹೇಳುವಾಗ ಬೇಕಾಗುವ ರೂಪ. ನಾನು, ನೀನು, ಅವನು ಮೂವರಿಗೂ ಒಂದೇ. 'ವೆಂಗೊ'ದಿಂದ 'ವೆಂಗ', 'ದೀಕೊ'ದಿಂದ 'ದೀಕ', 'ಫಚ್ಚೊ'ದಿಂದ 'ಫಚ್ಚ', 'ಪೊಸ್ಸೊ'ದಿಂದ 'ಪೊಸ್ಸ'. ನಿಮ್ಮನ್ನು ಕಾಡಿದ 'ವಾದೊ' ಕೂಡ ಸುಮ್ನೆ 'ವಾದ' ಆಗುತ್ತದೆ.

ಎರಡನೆಯದು ಇಂಪೆರ್ಫೆತ್ತೊ, 'ಮಾಡುತ್ತಿದ್ದೆ' ಅನ್ನುವ ಕಾಲ. ಇಲ್ಲಿ ಸ್ವಲ್ಪ ನಿಲ್ಲಬೇಕು. 'ಫಾರೆ' ಅನ್ನುವುದು ಸವೆದು ಚಿಕ್ಕದಾದ ರೂಪ, ಲ್ಯಾಟಿನ್ನಿನಿಂದ ಬಂದ ಹಳೆಯ ರೂಪ 'ಫಾಚೆರೆ'. ಹಾಗೆಯೇ 'ದೀರೆ' ಮೊದಲು 'ದೀಚೆರೆ', ಕುಡಿಯುವುದಕ್ಕೆ ಹೇಳುವ 'ಬೇರೆ' ಮೊದಲು 'ಬೇವೆರೆ', 'ಪೊರ್ರೆ' ಮೊದಲು 'ಪೋನೆರೆ', ನಿಮ್ಮ ಆಫೀಸಿನ 'ರಿದುರ್ರೆ' (ಕಡಿಮೆ ಮಾಡು) ಮೊದಲು 'ರಿದೂಚೆರೆ'. ಕೋಷ್ಟಕದ ತಲೆಯ ಮೇಲಿನ ಮೂಲರೂಪ ಸವೆಯಿತು, ಒಳಗಿನವು ಸವೆಯಲಿಲ್ಲ. ಹಾಗಾಗಿ ಇಂಪೆರ್ಫೆತ್ತೊದಲ್ಲಿ ಹಳೆಯ ಬುಡ ಹಾಗೇ ಕಾಣುತ್ತದೆ: ಫಚೇವೊ, ದಿಚೇವೊ, ಬೆವೇವೊ, ಪೊನೇವೊ, ರಿದುಚೇವೊ. ಇದೇ ಬುಡದ ಮೇಲೆ ಕೊಂಜುಂತೀವೊ ಇಂಪೆರ್ಫೆತ್ತೊ ನಿಲ್ಲುತ್ತದೆ (ಫಚೆಸ್ಸಿ, ದಿಚೆಸ್ಸಿ, ಬೆವೆಸ್ಸಿ), 'ಮಾಡುತ್ತಾ' ಅನ್ನುವ ಜೆರುಂದ್ಯೊ ಕೂಡ (ಫಚೆಂದೊ, ದಿಚೆಂದೊ, ಬೆವೆಂದೊ). ಈ ಒಂದು ಸಂಗತಿ ಗೊತ್ತಾದ ದಿನ ಕೋಷ್ಟಕದ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಪುಸ್ತಕದವರು ಇದನ್ನು ಅಡಿಟಿಪ್ಪಣಿಗೆ ಯಾಕೆ ತಳ್ಳುತ್ತಾರೋ!

ಮೂರನೆಯದು ಭವಿಷ್ಯ. 'ಪ್ರೊಪೊರ್ರೋ' ಬಂದರೆ 'ಸೂಚಿಸುತ್ತಿದ್ದೆ, ಆದರೆ' ಅನ್ನುವ ಅರ್ಥದ ಕೊಂದಿತ್ಸಿಯೊನಾಲೆ 'ಪ್ರೊಪೊರ್ರೇಯ್' ಕೂಡ ಬಂತು. ಎರಡಕ್ಕೂ ಬುಡ ಯಾವಾಗಲೂ ಒಂದೇ: ಅಂದ್ರೋ, ಅಂದ್ರೇಯ್. ವೆರ್ರೋ, ವೆರ್ರೇಯ್. ಸರೋ, ಸರೇಯ್. ಕಾರಣ ಇದೆ. ಭವಿಷ್ಯ ಹುಟ್ಟಿದ್ದು ಮೂಲರೂಪದ ಬೆನ್ನಿಗೆ 'ಅವೇರೆ' (ಹೊಂದಿರು) ಅಂಟಿಕೊಂಡು. ನಮ್ಮ 'ಬಂದು' ಮತ್ತು 'ಇದ್ದೇನೆ' ಸೇರಿ 'ಬಂದಿದ್ದೇನೆ' ಆದ ಹಾಗೆ. 'ಅವೇರೆ'ಯ ವರ್ತಮಾನ ಓ, ಆಯ್, ಆ, ಅನ್ನೊ. ಭವಿಷ್ಯದ ಬಾಲಗಳೂ ಅವೇ. ಅದೇ 'ಅವೇರೆ'ಯ ರೆಮೋತೊ ಎಬ್ಬಿ, ಅವೆಸ್ತಿ, ಎಬ್ಬೆ, ಅವೆಮ್ಮೊ, ಅವೆಸ್ತೆ, ಎಬ್ಬೆರೊ. ಕೊಂದಿತ್ಸಿಯೊನಾಲೆಯ ಬಾಲಗಳನ್ನು ಪಕ್ಕದಲ್ಲಿಟ್ಟು ನೋಡಿ: ಏಯ್, ಎಸ್ತಿ, ಎಬ್ಬೆ, ಎಮ್ಮೊ, ಎಸ್ತೆ, ಎಬ್ಬೆರೊ.

ಒಂದು ಎಚ್ಚರ. 'ಅಂದ್ರೇಮೊ' ಅಂದರೆ 'ಹೋಗುತ್ತೇವೆ', 'ಅಂದ್ರೆಮ್ಮೊ' ಅಂದರೆ 'ಹೋಗುತ್ತಿದ್ದೆವು, ಆದರೆ'. ಒಂದು ಒತ್ತಕ್ಷರದಲ್ಲಿ ಅರ್ಥ ಬೇರೆ. ಇಂಗ್ಲಿಷಿನವರಿಗೆ ಇದು ಕೇಳುವುದೇ ಇಲ್ಲವಂತೆ. ಕತೆ, ಕತ್ತೆ ಎರಡನ್ನೂ ಹೇಳಿ ಬೆಳೆದ ನಮಗೆ ಇದು ತಾಪತ್ರಯವೇ ಅಲ್ಲ.

ನಾಲ್ಕನೆಯದು ಪಸ್ಸಾತೊ ರೆಮೋತೊ. ಎಲ್ಲರೂ ಹೆದರುವುದು ಇದಕ್ಕೇ. ಆರು ರೂಪಗಳಲ್ಲಿ ಮೂರು ಮಾತ್ರ ಕೆಡುತ್ತವೆ: ನಾನು, ಅವನು, ಅವರು. ನೀನು, ನಾವು, ನೀವು ಮೂರೂ ಎರಡನೆಯ ಬುಡದ ಮೇಲೆ ಸಭ್ಯವಾಗಿ ನಿಲ್ಲುತ್ತವೆ. ಬರೆಯುವ 'ಸ್ಕ್ರೀವೆರೆ' ನೋಡಿ: ಸ್ಕ್ರಿಸ್ಸಿ, ಸ್ಕ್ರಿವೆಸ್ತಿ, ಸ್ಕ್ರಿಸ್ಸೆ, ಸ್ಕ್ರಿವೆಮ್ಮೊ, ಸ್ಕ್ರಿವೆಸ್ತೆ, ಸ್ಕ್ರಿಸ್ಸೆರೊ. 'ಫಾರೆ': ಫೇಚಿ, ಫಚೆಸ್ತಿ, ಫೇಚೆ, ಫಚೆಮ್ಮೊ, ಫಚೆಸ್ತೆ, ಫೇಚೆರೊ. 'ನಾನು' ರೂಪ ಒಂದು ಗೊತ್ತಿದ್ದರೆ ಕೊನೆಯಲ್ಲಿ ಇ, ಎ, ಎರೊ ಹಾಕುತ್ತಾ ಹೋಗುವುದು, ಅಷ್ಟೇ.

ಐದನೆಯದು ಕೃದಂತ: ಫತ್ತೊ, ದೆತ್ತೊ, ಪ್ರೊಪೊಸ್ತೊ, ರಿದೊತ್ತೊ. ಎಲ್ಲ ಜೋಡಿ ಕಾಲಗಳೂ (ಸಹಾಯಕ್ಕೆ ಇನ್ನೊಂದು ಕ್ರಿಯಾಪದ ಸೇರುವ ಕಾಲಗಳು) ಇದರಿಂದಲೇ ಆಗುವುದು. ಬಾಯಿಪಾಠ ಮಾಡಿ, ಬೇರೆ ದಾರಿ ಇಲ್ಲ.

ಮಲ್ಲೇಶ್ವರಂ ಟು ಮಿಲಾನೊ:

ಮಾಷ್ಟ್ರೇ, ಸೂಪರ್. ಆದರೆ ಕ್ರಮದ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಐದನ್ನೂ ಒಟ್ಟಿಗೆ ಕಲಿಯಲು ಕೂತರೆ ಅವರಿಗೆ ಸೋಮವಾರದ ಮೀಟಿಂಗ್‌ಗೆ ಏನೂ ಸಿಗಲ್ಲ.

ಉತ್ತರ ಇಟಲಿಯಲ್ಲಿ ಮಾತಾಡುವಾಗ ಪಸ್ಸಾತೊ ರೆಮೋತೊ ಹೆಚ್ಚುಕಡಿಮೆ ಯಾರೂ ಬಳಸುವುದಿಲ್ಲ. ನಿನ್ನೆ ಆದದ್ದಕ್ಕೂ ಹತ್ತು ವರ್ಷದ ಹಿಂದೆ ಆದದ್ದಕ್ಕೂ ಪಸ್ಸಾತೊ ಪ್ರೊಸ್ಸಿಮೊ ಒಂದೇ. 'ಓ ಫತ್ತೊ' (ಮಾಡಿದೆ), 'ಓ ದೆತ್ತೊ' (ಹೇಳಿದೆ), 'ಸೋನೊ ಅಂದಾತ' (ಹೋದೆ). ಹಾಗಾಗಿ ಟೂರಿನ್‌ನಲ್ಲಿ ಇರುವವರು ಮಾಷ್ಟ್ರ ಸಾಲಿನಲ್ಲಿ ಒಂದನೆಯದು, ಐದನೆಯದು ಮೊದಲು ಹಿಡಿಯಲಿ. ಆಮೇಲೆ ಎರಡು, ಮೂರು. ನಾಲ್ಕು ಕೊನೆಗೆ, ಅದೂ ಓದಿದರೆ ಗುರುತು ಸಿಗುವಷ್ಟು.

ಒಂದನೆಯದು ಯಾಕೆ ಅಂದರೆ, ಕೊಂಜುಂತೀವೊ ಅಂದರೆ ಪರೀಕ್ಷೆಯ ಸರಕು ಅಂತ ನಾನೂ ಅಂದುಕೊಂಡಿದ್ದೆ. ಪೋಸ್ಟ್ ಆಫೀಸ್ ಕೌಂಟರ್‌ಗೆ ಹೋಗಿ ನೋಡಿ. 'ಮಿ ದೀಕ' (ಹೇಳಿ), 'ವೆಂಗ' (ಬನ್ನಿ), 'ಸೆಂತ' (ಕೇಳಿ ಇಲ್ಲಿ), 'ಫಚ್ಚ ಪೂರೆ' (ಧಾರಾಳವಾಗಿ ಮಾಡಿ). ಮರ್ಯಾದೆಯಿಂದ ಹೇಳುವ ಆಜ್ಞೆ ಎಲ್ಲವೂ ಕೊಂಜುಂತೀವೊನೇ. 'ಆರೆ' ಅಂತ ಮುಗಿಯುವ ಗುಂಪಿನ ಸಾದಾ ಕ್ರಿಯಾಪದಗಳಲ್ಲಿ ಮಾತ್ರ ಕೊನೆಗೆ 'ಇ' ಬರುತ್ತದೆ: 'ಅಸ್ಪೆತ್ತಿ' (ಕಾಯಿರಿ), 'ಫಿರ್ಮಿ ಕ್ವೀ' (ಇಲ್ಲಿ ಸಹಿ ಹಾಕಿ), 'ಸ್ಕೂಸಿ' (ಕ್ಷಮಿಸಿ). ದಿನಾ ಕಿವಿಗೆ ಬೀಳುವ ಕೊಂಜುಂತೀವೊ ಇದು. ಇಲ್ಲಿಂದಲೇ ಶುರು ಮಾಡಿ.

ಸಲಿಗೆಯವರಿಗೆ ಹೇಳುವುದು ಬೇರೆ. ಅಲ್ಲಿ ಐದು ಪುಟಾಣಿ ರೂಪಗಳು: ವಾ (ಹೋಗು), ದಾ (ಕೊಡು), ಫಾ (ಮಾಡು), ದೀ (ಹೇಳು), ಸ್ತಾ (ಇರು). ಹಿಂದೆ 'ಮಿ' (ನನಗೆ) ಅಂಟಿದರೆ ಒತ್ತಕ್ಷರ ಆಗುತ್ತದೆ: ದಿಮ್ಮಿ (ನನಗೆ ಹೇಳು), ದಮ್ಮಿ (ಕೊಡು), ಫಮ್ಮಿ. ಬಾಸ್‌ಗೆ 'ದಿಮ್ಮಿ' ಅನ್ನಬಹುದಾ, 'ಮಿ ದೀಕ' ಅನ್ನಬೇಕಾ ಅನ್ನುವುದು ಆಫೀಸಿನಿಂದ ಆಫೀಸಿಗೆ ಬೇರೆ. ಅವರೇ 'ದ್ಯಾಮೊಚಿ ದೆಲ್ ತೂ' ಅನ್ನುವವರೆಗೆ, ಅಂದರೆ ಏಕವಚನದಲ್ಲೇ ಮಾತಾಡೋಣ ಅನ್ನುವವರೆಗೆ ಕಾಯುವುದು ಸೇಫು.

ಪಲೆರ್ಮೊ ಪಯಣಿಗ:

'ಯಾರೂ ಬಳಸುವುದಿಲ್ಲ' ಅನ್ನುವ ಮಾತಿಗೆ ನನ್ನದೊಂದು ತಕರಾರು. ನಾನಿರುವುದು ಸಿಸಿಲಿಯಲ್ಲಿ. ಇಲ್ಲಿ ಬೆಳಗ್ಗೆ ನಡೆದದ್ದಕ್ಕೂ ರೆಮೋತೊ. ಒಂದು ನಿಮಿಷದ ಹಿಂದೆ ನಾನು ಏನೋ ಅಂದರೆ, ಸರಿಯಾಗಿ ಕೇಳದವರು 'ಕೆ ದಿಚೆಸ್ತಿ?' (ಏನಂದೆ?) ಅಂತಾರೆ. ಟೂರಿನ್‌ನಲ್ಲಿ ಕಲಿತವರು ದಕ್ಷಿಣಕ್ಕೆ ಬಂದು ಕಕ್ಕಾಬಿಕ್ಕಿ ಆಗುವುದನ್ನು ನೋಡಿದ್ದೇನೆ. ಟೂರಿನ್ ಕಾರ್ಖಾನೆಗಳಿಗೆ ದಕ್ಷಿಣದಿಂದ ವಲಸೆ ಹೋದ ಕುಟುಂಬಗಳು ಬೇಕಾದಷ್ಟಿವೆ. ನಿಮ್ಮ ಆಫೀಸಿನಲ್ಲೂ ಅಂಥವರು ಸಿಗಬಹುದು, ಕಿವಿ ತೆರೆದಿಟ್ಟುಕೊಳ್ಳಿ.

ಪುತ್ತೂರು ಮಾಷ್ಟ್ರು:

ಇಬ್ಬರು ಹೇಳಿದ್ದೂ ಸರಿ. ನಾನಿರುವ ತೋಸ್ಕಾನ ಕಡೆಯ ಮುದುಕರ ಮಾತಿನಲ್ಲೂ ರೆಮೋತೊ ಇದೆ. ಓದುವುದಕ್ಕಂತೂ ಬೇಕೇ ಬೇಕು. ಮೊಮ್ಮಗನ ಪಾಠದಲ್ಲಿ 'ದಾಂತೆ ನಾಕ್ವೆ ಅ ಫಿರೆಂತ್ಸೆ' ಅಂತ 1265ರಲ್ಲಿ ಹುಟ್ಟಿಸುತ್ತಾರೆ, 'ಮೊರೀ ಅ ರವೆನ್ನ' ಅಂತ 1321ರಲ್ಲಿ ಸಾಯಿಸುತ್ತಾರೆ. ಗಮ್ಮತ್ತು ನೋಡಿ, ಹುಟ್ಟುವುದು ನಿಯಮ ತಪ್ಪಿ, ಸಾಯುವುದು ನಿಯಮದಂತೆ. ಕತೆಪುಸ್ತಕದಲ್ಲಿ ರಾಜ 'ದಿಸ್ಸೆ' (ಹೇಳಿದ), ರಾಣಿ 'ರಿಸ್ಪೋಸೆ' (ಉತ್ತರಿಸಿದಳು), ತೋಳ 'ವೀದೆ' (ನೋಡಿತು). ಹೆಚ್ಚಾಗಿ 'ಅವನು', 'ಅವರು' ಎರಡೇ ಬರುತ್ತವೆ. ಅವೆರಡು ಗುರುತಾದರೆ ಕತೆ ಸಾಗುತ್ತದೆ. ಮಿಲಾನಿನ ತಮ್ಮ ಹೇಳಿದ ಹಾಗೆ ಓದುವಷ್ಟು ಕಲಿಯಿರಿ, ಆದರೆ ಪೂರ್ತಿ ಬಿಡಬೇಡಿ.

ಸಾಧನಕೇರಿ ಹುಡುಗಿ:

ಮಾಸ್ತರೇ, ಎಲ್ಲರಿಗೂ ಧನ್ಯವಾದ. ಒಂದು ಸಾಲಿನ ಪದ್ಧತಿಯಲ್ಲಿ ಬರೆಯಲು ಕೂತೆ. ರಿದೂಕೊ, ರಿದುಚೇವೊ, ರಿದುರ್ರೋ, ರಿದುಸ್ಸಿ, ರಿದೊತ್ತೊ. ಇದು ಬಂದ ಮೇಲೆ 'ಪ್ರೊದುರ್ರೆ', 'ತ್ರದುರ್ರೆ', 'ಇಂತ್ರೊದುರ್ರೆ' ಎಲ್ಲ ಪುಕ್ಕಟೆ ಬಂದವು! ಇಡೀ ಪುಟಗಳೇ ಕಡಿಮೆಯಾದವು.

ಆದರೆ 'ನಾನು' ರೂಪದಿಂದ ಕೊಂಜುಂತೀವೊ ತೆಗೆಯುವುದು ಎಲ್ಲ ಕಡೆ ಆಗುತ್ತಿಲ್ಲ. 'ಸೋ' (ನನಗೆ ಗೊತ್ತು) ಇದ್ದದ್ದು 'ಸಪ್ಪ್ಯ' ಯಾಕೆ? 'ದೇವೊ'ದಿಂದ 'ದೆಬ್ಬ' ಹೇಗೆ? ಮತ್ತೆ 'ವಾದೊ, ಅಂದ್ಯಾಮೊ' ಲೆಕ್ಕ ನೀವು ಹೇಳಲೇ ಇಲ್ಲ.

ಪುತ್ತೂರು ಮಾಷ್ಟ್ರು:

ಹೌದು, ಅದು ಬಾಕಿ ಇತ್ತು.

ಮಾತು ಕೇಳದ ಪುಂಡರು ಐದೇ: ಎಸ್ಸೆರೆ (ಆಗಿರು), ಅವೇರೆ, ಸಪೇರೆ (ತಿಳಿದಿರು), ದಾರೆ (ಕೊಡು), ಸ್ತಾರೆ (ಇರು). ಇವರ ಕೊಂಜುಂತೀವೊ ಸೀಯ, ಅಬ್ಬ್ಯ, ಸಪ್ಪ್ಯ, ದೀಯ, ಸ್ತೀಯ. ಮೊದಲೇ ಬಾಯಿಗೆ ಬರಲಿ. ನಿಮಗೆ ದಿನಾ ಬೇಕಾಗುವುದು ಇದೇ: 'ಸುಪ್ಪೊನ್ಯಾಮೊ ಕೆ ಇಲ್ ಕಾರಿಕೊ ಸೀಯ ಕೊಸ್ತಾಂತೆ', ಭಾರ ಒಂದೇ ಸಮ ಇದೆ ಅಂತ ಇಟ್ಟುಕೊಳ್ಳೋಣ. 'ದೆಬ್ಬ' ಪುಂಡನಲ್ಲ, 'ದೊಬ್ಬ್ಯಾಮೊ' (ನಾವು ಮಾಡಬೇಕು) ಅನ್ನುವುದರಲ್ಲಿರುವ 'ಬ್ಬ' ಅದರಲ್ಲೂ ಇದೆ, ಅಷ್ಟೇ. 'ದೇವ' ಅಂದರೂ ತಪ್ಪಲ್ಲ, 'ದೆಬ್ಬ' ಜಾಸ್ತಿ ಕೇಳಿಸುತ್ತದೆ.

ಆ ಐವರಲ್ಲಿ ಎಸ್ಸೆರೆ, ದಾರೆ, ಸ್ತಾರೆ ಮೂವರು ಇನ್ನೂ ಕಿತಾಪತಿ. ರೆಮೋತೊದಲ್ಲಿ ನಾನು ಹೇಳಿದ ಮೂರು-ಮೂರು ಲೆಕ್ಕವೂ ಇವರಿಗಿಲ್ಲ: ಫೂಯ್, ಫೊಸ್ತಿ, ಫೂ. ದ್ಯೇದಿ, ದೆಸ್ತಿ, ದ್ಯೇದೆ. ಸ್ತೆತ್ತಿ, ಸ್ತೆಸ್ತಿ, ಸ್ತೆತ್ತೆ. ಕೊಂಜುಂತೀವೊ ಇಂಪೆರ್ಫೆತ್ತೊದಲ್ಲಿ ಫೊಸ್ಸಿ, ದೆಸ್ಸಿ, ಸ್ತೆಸ್ಸಿ. ಇಲ್ಲಿ 'ದಸ್ಸಿ', 'ಸ್ತಸ್ಸಿ' ಅನ್ನುವ ಇಟಾಲಿಯನ್ನರೇ ಇದ್ದಾರೆ. ಶಾಲೆಯಲ್ಲಿ ಅದಕ್ಕೆ ಕೆಂಪು ಗೆರೆ ಬೀಳುತ್ತದೆ. ಪರೀಕ್ಷೆಯಲ್ಲಿ ನಿಮಗೂ ಬೀಳುತ್ತದೆ.

ಇನ್ನು 'ವಾದೊ, ಅಂದ್ಯಾಮೊ'. ಇವು ಮೂಲದಲ್ಲಿ ಎರಡು ಬೇರೆ ಕ್ರಿಯಾಪದಗಳು. ಒಂದೇ ಕೋಷ್ಟಕದಲ್ಲಿ ಬಂದು ಕೂತಿವೆ. ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಉಚ್ಚಾರದ ಒತ್ತು ಹೇಳುತ್ತದೆ. ನಾನು, ನೀನು, ಅವನು, ಅವರು: ಇಲ್ಲಿ ಒತ್ತು ಬುಡದ ಮೇಲೆ. ನಾವು, ನೀವು: ಒತ್ತು ಬಾಲಕ್ಕೆ ಜಾರುತ್ತದೆ. ಆದ್ದರಿಂದ ವಾದೊ, ವಾಯ್, ವಾ, ವನ್ನೊ ಒಂದು ಗುಂಪು. ಅಂದ್ಯಾಮೊ, ಅಂದಾತೆ ಇನ್ನೊಂದು. ಹೊರಗೆ ಹೋಗುವ 'ಉಶೀರೆ'ಯಲ್ಲೂ ಇದೇ: ಎಸ್ಕೊ, ಎಶಿ, ಎಶೆ, ಎಸ್ಕೊನೊ. ಆದರೆ ಉಶ್ಯಾಮೊ, ಉಶೀತೆ. 'ದೇವೊ, ದೊಬ್ಬ್ಯಾಮೊ' ಕೂಡ ಅದೇ ಜಾತಿ. ಕೊಂಜುಂತೀವೊದಲ್ಲೂ ಹೀಗೇ ನಡೆಯುತ್ತದೆ: ವಾದ, ವಾದನೊ. ಆದರೆ ನಾವು, ನೀವು ಬಂದಾಗ ಅಂದ್ಯಾಮೊ, ಅಂದ್ಯಾತೆ.

ವರ್ತಮಾನದಲ್ಲಿ 'ನಾನು', 'ಅವರು' ಸಾಮಾನ್ಯವಾಗಿ ಜೋಡಿ: ವೆಂಗೊ, ವೆಂಗೊನೊ. ದೀಕೊ, ದೀಕೊನೊ. ಪೊಸ್ಸೊ, ಪೊಸ್ಸೊನೊ. ಈ ಜೋಡಿಗೆ ಸೇರದವು ಆರು. ಅವೆಲ್ಲ 'ನ್ನೊ'ದಲ್ಲಿ ಮುಗಿಯುತ್ತವೆ: ಅನ್ನೊ, ಸನ್ನೊ, ದನ್ನೊ, ಸ್ತನ್ನೊ, ವನ್ನೊ, ಫನ್ನೊ.

ಸಾಧನಕೇರಿ ಹುಡುಗಿ:

ಒತ್ತಿನ ವಿಷಯ ಯಾರೂ ಹೇಳಿರಲಿಲ್ಲ ನೋಡಿ. ಕೊನೆಯ ಪ್ರಶ್ನೆ, ಬೈಯಬೇಡಿ. 'ಟೈಮ್ ಇದ್ದಿದ್ದರೆ ಬರುತ್ತಿದ್ದೆ' ಅನ್ನುವಾಗ ನಮ್ಮಲ್ಲೊಬ್ಬರು 'ಸೆ ಅವ್ರೇಯ್ ತೆಂಪೊ' ಅಂತಾರೆ, ಪಕ್ಕದವರು ಕಿಸಕ್ ಅಂತ ನಗ್ತಾರೆ. ಯಾಕೆ?

ಮಲ್ಲೇಶ್ವರಂ ಟು ಮಿಲಾನೊ:

ಅದು ಇಲ್ಲಿನವರದೇ ಹೆಸರುವಾಸಿ ತಪ್ಪು. 'ಸೆ' (ಒಂದು ವೇಳೆ) ಇರುವ ತುಂಡಿನಲ್ಲಿ ಕೊಂದಿತ್ಸಿಯೊನಾಲೆ ಬರಬಾರದು. 'ಸೆ ಅವೆಸ್ಸಿ ತೆಂಪೊ, ವೆರ್ರೇಯ್.' ಮೊದಲ ತುಂಡು ಕೊಂಜುಂತೀವೊ ಇಂಪೆರ್ಫೆತ್ತೊ, ಎರಡನೆಯದು ಕೊಂದಿತ್ಸಿಯೊನಾಲೆ. ಹಿರಿಯರನ್ನು ತಿದ್ದಲು ಹೋಗಬೇಡಿ, ಇಂಟರ್ನ್‌ಶಿಪ್ ಮುಗಿಯಲಿ.

ಪುತ್ತೂರು ಮಾಷ್ಟ್ರು:

ಅದರ ಜೊತೆಗೆ ಒಂದು ಸೇರಿಸುತ್ತೇನೆ. ಅವಕಾಶ ಕಳೆದೇಹೋಗಿದ್ದರೆ ಎರಡೂ ತುಂಡುಗಳು ಜೋಡಿ ಕಾಲಕ್ಕೆ ಹೋಗುತ್ತವೆ. 'ಗೊತ್ತಿದ್ದಿದ್ದರೆ ಬಂದಿರುತ್ತಿದ್ದೆ': 'ಸೆ ಲವೆಸ್ಸಿ ಸಪೂತೊ, ಸರೇಯ್ ವೆನೂತ.' ಇಲ್ಲಿ 'ಸಪೂತೊ' ಗೆ ಅವೇರೆ ಸಹಾಯ, 'ವೆನೂತ' ಗೆ ಎಸ್ಸೆರೆ ಸಹಾಯ. ಹೋಗುವ, ಬರುವ ಕ್ರಿಯಾಪದಗಳಿಗೆ ಎಸ್ಸೆರೆ ಬಂದಾಗ ಕೃದಂತ ಹೋದವರು, ಬಂದವರು ಯಾರು ಅಂತ ನೋಡಿ ಬದಲಾಗುತ್ತದೆ. ನಾನಾದರೆ 'ವೆನೂತೊ', ನೀವು 'ವೆನೂತ', ನಾವಿಬ್ಬರೂ ಆದರೆ 'ಸರೆಮ್ಮೊ ವೆನೂತಿ'. ಹೆಂಗಸರೇ ಇದ್ದ ಗುಂಪಾದರೆ 'ವೆನೂತೆ'. ಬರೆಯುವ ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಈ ಕೊನೆಯ ಸ್ವರಕ್ಕೇ. ಉತ್ತರ ಕೊಡುವ ಮೊದಲು 'ಎಸ್ಸೆರೆ' ಇರುವ ಸಾಲುಗಳನ್ನಷ್ಟೇ ಇನ್ನೊಮ್ಮೆ ಓದಿ ನೋಡಿ.